ಲಾಗ್ ಟೇಬಲ್ ಹೊತ್ತ 'ಗೂಢಚಾರ': ಚಿಯಾನ್ ಶುವೆಸೆನ್ ಕಥೆ

ಚೀನಾದ ಕ್ಷಿಪಣಿಗಳ ಮಾತು ಬಂದಾಗ ಒಂದು ಕಥೆಯೂ ಜೊತೆಗೆ ಬರುತ್ತದೆ. ಅಮೆರಿಕದಲ್ಲಿದ್ದ ಚೀನೀ ಗೂಢಚಾರ ವಿಜ್ಞಾನಿಯೊಬ್ಬ ರಾಕೆಟ್ ರಹಸ್ಯಗಳನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡು ಓಡಿಹೋದನಂತೆ. ಆ ವಿಜ್ಞಾನಿ ಚಿಯಾನ್ ಶುವೆಸೆನ್. ಅವರು ಓಡಿಹೋಗಲಿಲ್ಲ. ಹೋಗಲು ಬಿಡದೆ ಐದು ವರ್ಷ ಹಿಡಿದಿಟ್ಟುಕೊಂಡದ್ದು ಅಮೆರಿಕವೇ! ಪೆಟ್ಟಿಗೆಯ ವಿಷಯಕ್ಕೆ ಆಮೇಲೆ ಬರೋಣ.

ಚಿಯಾನ್ ಹುಟ್ಟಿದ್ದು 1911ರಲ್ಲಿ. ಶಾಂಘೈನಲ್ಲಿ ಎಂಜಿನಿಯರಿಂಗ್ ಓದಿ, ವಿದ್ಯಾರ್ಥಿವೇತನ ಪಡೆದು 1935ರಲ್ಲಿ ಅಮೆರಿಕದ ಎಂಐಟಿಗೆ ಹೋದರು. ಮರುವರ್ಷ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ಸೇರಿ, ವಾಯುಚಲನಶಾಸ್ತ್ರದ ದಿಗ್ಗಜ ಥಿಯೋಡೋರ್ ಫಾನ್ ಕಾರ್ಮನ್ ಅವರ ಶಿಷ್ಯರಾದರು. ರಾಕೆಟ್ ಹುಚ್ಚು ಹತ್ತಿಸಿಕೊಂಡ ವಿದ್ಯಾರ್ಥಿಗಳ ಸಣ್ಣ ಗುಂಪೊಂದು ಅಲ್ಲಿತ್ತು. ಸ್ಫೋಟಗಳ ದೆಸೆಯಿಂದ ಅದಕ್ಕೆ 'ಆತ್ಮಹತ್ಯಾ ದಳ' ಎಂಬ ಅಡ್ಡಹೆಸರೂ ಬಂದಿತ್ತು. ಇಂದಿನ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಬೇರು ಇರುವುದು ಆ ಗುಂಪಿನಲ್ಲೇ.

ಎರಡನೇ ಮಹಾಯುದ್ಧದ ಕಾಲದಲ್ಲಿ ಚಿಯಾನ್‌ಗೆ ಸೆಕ್ಯುರಿಟಿ ಕ್ಲಿಯರೆನ್ಸ್ ಸಿಕ್ಕಿತು. ಅಂದರೆ, ಸರ್ಕಾರದ ರಹಸ್ಯ ಕೆಲಸಗಳಲ್ಲಿ ತೊಡಗಲು ಅನುಮತಿ. ಆಗಿನ್ನೂ ಅವರು ಚೀನಾದ ಪ್ರಜೆ ಎಂಬುದನ್ನು ಗಮನಿಸಿ. 1945ರಲ್ಲಿ ಅಮೆರಿಕ ಅವರಿಗೆ ತಾತ್ಕಾಲಿಕವಾಗಿ ಕರ್ನಲ್ ದರ್ಜೆ ಕೊಟ್ಟು ಸೋತ ಜರ್ಮನಿಗೆ ಕಳಿಸಿತು. ಅಲ್ಲಿ ಅವರು ಹಿಟ್ಲರನ ರಾಕೆಟ್ ತಜ್ಞ ವೆರ್ನರ್ ಫಾನ್ ಬ್ರೌನ್‌ರನ್ನು ಪ್ರಶ್ನಿಸಿದರು. ತಮ್ಮ ಗುರುವಿನ ಗುರು ಲುಡ್ವಿಗ್ ಪ್ರಾಂಟ್ಲ್ ಅವರನ್ನೂ ಪ್ರಶ್ನಿಸಬೇಕಾಯಿತು. 1949ರಲ್ಲಿ ಅಮೆರಿಕದ ಪೌರತ್ವಕ್ಕೆ ಅರ್ಜಿಯನ್ನೂ ಹಾಕಿದ್ದರು.

ಅಷ್ಟರಲ್ಲಿ ಗಾಳಿ ದಿಕ್ಕು ಬದಲಿಸಿತು. ಚೀನಾದಲ್ಲಿ ಮಾವೋ ಅಧಿಕಾರಕ್ಕೆ ಬಂದರು, ಅಮೆರಿಕದಲ್ಲಿ ಕಮ್ಯುನಿಸ್ಟರ ಬೇಟೆ ಶುರುವಾಯಿತು. 1950ರ ಜೂನ್ 6ರಂದು ಎಫ್‌ಬಿಐ ಅಧಿಕಾರಿಗಳು ಬಂದು, 1930ರ ದಶಕದ ಕೊನೆಯಲ್ಲಿ ನೀವು ಕಮ್ಯುನಿಸ್ಟ್ ಪಕ್ಷದ ಸದಸ್ಯರಾಗಿದ್ದಿರಿ ಎಂದರು. ಚಿಯಾನ್ ನಿರಾಕರಿಸಿದರು. ಗೆಳೆಯರ ಮನೆಯ ಕೂಟಗಳಿಗೆ ಹೋಗಿದ್ದೆ, ಸದಸ್ಯನಾಗಿರಲಿಲ್ಲ ಎಂಬುದು ಅವರ ವಾದ. ಆದರೂ ಕ್ಲಿಯರೆನ್ಸ್ ರದ್ದಾಯಿತು.

ಕ್ಲಿಯರೆನ್ಸ್ ಕಿತ್ತುಕೊಳ್ಳಲು ಅಪರಾಧ ಸಾಬೀತಾಗಬೇಕಿಲ್ಲ, ಅನುಮಾನ ಸಾಕು. ಹತ್ತು ವರ್ಷದ ಹಿಂದೆ ತಾನು ಒಂದು ಪಕ್ಷದಲ್ಲಿ *ಇರಲಿಲ್ಲ* ಎಂದು ಯಾರಾದರೂ ಹೇಗೆ ತೋರಿಸಬೇಕು? ಅವಮಾನಗೊಂಡ ಚಿಯಾನ್, ನಂಬಿಕೆ ಇಲ್ಲದ ಕಡೆ ಇರಲಾರೆ, ಊರಿಗೆ ಹೋಗುತ್ತೇನೆ ಎಂದುಬಿಟ್ಟರು.

ಅಲ್ಲಿಂದ ಮುಂದಿನದು ವಿಚಿತ್ರ. ನೌಕಾಪಡೆಯ ಉಪಕಾರ್ಯದರ್ಶಿ ಡ್ಯಾನ್ ಕಿಂಬಲ್‌ಗೆ ಚಿಯಾನ್ ಮೇಲೆ ಗೌರವವಿತ್ತು. ಆದರೆ ಇಷ್ಟು ತಿಳಿದವರು ದೇಶ ಬಿಡಕೂಡದೆಂದು ವಲಸೆ ಇಲಾಖೆಗೆ ತಿಳಿಸಿದವರೂ ಅವರೇ. ಕಸ್ಟಮ್ಸ್‌ನವರು ಸುಮಾರು 800 ಕಿಲೋ ಪುಸ್ತಕ, ಕಾಗದಗಳಿದ್ದ ಸಾಮಾನನ್ನು ಹಿಡಿದರು. ಅದರಲ್ಲಿ ಗೂಢಲಿಪಿಯ ಪುಸ್ತಕಗಳಿವೆ ಎಂದು ಸುದ್ದಿ ಹಬ್ಬಿತು. ಪರಿಶೀಲಿಸಿದರೆ ಅವು ಲಾಗರಿದಮ್ ಕೋಷ್ಟಕಗಳು! ಪಿಯುಸಿಯಲ್ಲಿ ಲೆಕ್ಕ ಮಾಡಲು ನಾವೆಲ್ಲ ತಿರುವಿಹಾಕುತ್ತಿದ್ದ ಲಾಗ್ ಟೇಬಲ್ ಇದೆಯಲ್ಲ, ಅದೇ. ಬೇಹುಗಾರಿಕೆಯ ಮೊಕದ್ದಮೆಯನ್ನು ಅವರ ಮೇಲೆ ಯಾರೂ ಹೂಡಲೇ ಇಲ್ಲ.

ಆದರೂ ಸೆಪ್ಟೆಂಬರ್‌ನಲ್ಲಿ ಬಂಧಿಸಿ, ಲಾಸ್ ಏಂಜಲೀಸ್ ಬಳಿಯ ಟರ್ಮಿನಲ್ ಐಲೆಂಡ್‌ನಲ್ಲಿ ಎರಡು ವಾರ ಇರಿಸಿದರು. ಜಾಮೀನು 15,000 ಡಾಲರ್. ಆಮೇಲೆ ವಲಸೆ ಇಲಾಖೆ ಅವರನ್ನು ಗಡೀಪಾರು ಮಾಡಬೇಕೆಂದು ತೀರ್ಮಾನಿಸಿತು. ಅದೇ ಸರ್ಕಾರ ಹೊರಗೆ ಹೋಗದಂತೆ ತಡೆಯಿತು. ಇರಲೂ ಬಾರದು, ಹೋಗಲೂ ಬಾರದು ಎಂಬ ಈ ಸ್ಥಿತಿ ಐದು ವರ್ಷ ನಡೆಯಿತು. ರಹಸ್ಯ ಸಂಶೋಧನೆಯ ಬಾಗಿಲು ಮುಚ್ಚಿದ್ದರಿಂದ ಅವರು ನಿಯಂತ್ರಣ ಸಿದ್ಧಾಂತದತ್ತ ಹೊರಳಿ, 1954ರಲ್ಲಿ 'ಎಂಜಿನಿಯರಿಂಗ್ ಸೈಬರ್ನೆಟಿಕ್ಸ್' ಎಂಬ ಪುಸ್ತಕ ಪ್ರಕಟಿಸಿದರು.

1955ರಲ್ಲಿ ಜಿನೀವಾದಲ್ಲಿ ಎರಡು ದೇಶಗಳ ಮಾತುಕತೆ ನಡೆಯಿತು. ಚೀನಾ ಸೆರೆಹಿಡಿದಿದ್ದ ಅಮೆರಿಕನ್ ವಾಯುಸೈನಿಕರನ್ನು ಬಿಟ್ಟಿತು, ಅಮೆರಿಕ ಚಿಯಾನ್‌ರನ್ನು ಬಿಟ್ಟಿತು. ಆ ಸೆಪ್ಟೆಂಬರ್ 17ರಂದು ಹೆಂಡತಿ, ಇಬ್ಬರು ಮಕ್ಕಳ ಜೊತೆ ಹಡಗು ಹತ್ತಿದರು. ಅವರನ್ನು ಕಳಿಸಿದ್ದು ದೇಶ ಮಾಡಿದ ಮಹಾ ಮೂರ್ಖತನ ಎಂದು ಕಿಂಬಲ್ ಮುಂದೆ ಮರುಗಿದರು.

ಚೀನಾ ಅವರ ಕೈಗೆ ಕ್ಷಿಪಣಿ ಕಾರ್ಯಕ್ರಮ ಕೊಟ್ಟಿತು. 1966ರಲ್ಲಿ ಅಣುಸಿಡಿತಲೆ ಹೊತ್ತ ಕ್ಷಿಪಣಿ ಹಾರಿತು, 1970ರಲ್ಲಿ ಮೊದಲ ಉಪಗ್ರಹ.

ಅನ್ಯಾಯಕ್ಕೊಳಗಾದವರೆಂದು ಅವರನ್ನು ದೇವರ ಪಟ್ಟಕ್ಕೇರಿಸುವುದೂ ಬೇಡ. 1958ರಲ್ಲಿ, ಸೂರ್ಯನ ಬೆಳಕಿನ ಲೆಕ್ಕ ಹಾಕಿ ಬೆಳೆಯ ಇಳುವರಿ ಹಲವು ಪಟ್ಟು ಏರಬಹುದೆಂದು ಪತ್ರಿಕೆಯಲ್ಲಿ ಬರೆದರು. ಮಾವೋ ಸರ್ಕಾರದ ಉತ್ಪ್ರೇಕ್ಷೆಗೆ ಅದು ವಿಜ್ಞಾನದ ಮುದ್ರೆ ಒತ್ತಿದಂತಾಯಿತು. ಮುಂದಿನ ವರ್ಷಗಳ ಕ್ಷಾಮದಲ್ಲಿ ಕೋಟ್ಯಂತರ ಜನ ಸತ್ತರು. 1980ರ ದಶಕದಲ್ಲಂತೂ, ಕಿವಿಯಿಂದ ಅಕ್ಷರ ಓದುತ್ತೇವೆ ಎನ್ನುವಂಥ 'ಅತೀಂದ್ರಿಯ ಶಕ್ತಿ'ಗಳ ಪರ ನಿಂತರು.

ಕ್ಯಾಲ್‌ಟೆಕ್ 1979ರಲ್ಲಿ ಅವರಿಗೆ ವಿಶಿಷ್ಟ ಹಳೆ ವಿದ್ಯಾರ್ಥಿ ಪ್ರಶಸ್ತಿ ಘೋಷಿಸಿತು. ಚಿಯಾನ್ ಅಮೆರಿಕಕ್ಕೆ ಮತ್ತೆ ಕಾಲಿಡಲಿಲ್ಲ. 2001ರಲ್ಲಿ ಹಳೆಯ ಸ್ನೇಹಿತ ಫ್ರ್ಯಾಂಕ್ ಮಾರ್ಬಲ್ ಅದನ್ನು ಬೀಜಿಂಗ್‌ಗೆ ಒಯ್ದು ಕೊಟ್ಟರು. 2009ರ ಅಕ್ಟೋಬರ್ 31ರಂದು, 97ನೇ ವಯಸ್ಸಿನಲ್ಲಿ, ಚಿಯಾನ್ ಅಲ್ಲೇ ತೀರಿಕೊಂಡರು.