ದೋಣಿಯಲ್ಲಿ ರವೀಂದ್ರರು

ಸೊರಬ, ಶಿಕಾರಿಪುರ ಸೀಮೆಯಲ್ಲಿ ಹುಟ್ಟಿ ಬೆಳೆದ ನನ್ನಂಥವರಿಗೆ ನೀರಿನ ನೋಟಕ್ಕೇನೂ ಕೊರತೆಯಿಲ್ಲ. ವರದೆಯಿದೆ, ದಂಡಾವತಿಯಿದೆ, ಕುಮುದ್ವತಿಯಿದೆ, ಊರೂರಿಗೆ ಕೆರೆಗಳಿವೆ. ಆದರೆ ದೋಣಿಯೆಂದರೆ ನಮಗೆ ಹೊಳೆ ದಾಟುವ ಸಾಧನ, ಇಲ್ಲವೆ ಮೀನು ಹಿಡಿಯುವ ಸಾಧನ. ಬಳ್ಳಿಗಾವೆಯ ಅಲ್ಲಮ, ಉಡುತಡಿಯ ಅಕ್ಕ ಇವರ ನೆಲದವರಾದ ನಾವು ಪಾಠದಲ್ಲಿ ದೋಣಿಯನ್ನು ಕಂಡರೂ ಅದು ಭವಸಾಗರವನ್ನು ದಾಟಿಸುವ ದೋಣಿಯೇ. ದಡ ಮುಟ್ಟಿದೊಡನೆ ಅದರ ಕೆಲಸ ಮುಗಿಯಿತು. ದಡ ಮುಟ್ಟುವ ಅವಸರವಿಲ್ಲದೆ, ನೀರಿನ ಮೇಲಿರುವ ಸಂತೋಷಕ್ಕಾಗಿಯೇ ದೋಣಿ ಹತ್ತಿದವರೊಬ್ಬರ ಚರಿತ್ರೆಯನ್ನು ಓದಿದ ಮೇಲೆ ನನಗೆ ಇದು ಬೇರೆಯಾಗಿ ಕಂಡಿತು. ಅವರು ರವೀಂದ್ರನಾಥ ಠಾಕೂರರು. ಅವರ ಕಾವ್ಯವನ್ನು ವಿಮರ್ಶಿಸುವ ಯೋಗ್ಯತೆ ನನಗಿಲ್ಲ. ಅವರ ಬಾಳಿನಲ್ಲಿ ದೋಣಿ ಎಲ್ಲೆಲ್ಲಿ ಬಂದಿತೆಂಬುದನ್ನಷ್ಟೇ ಹೇಳುತ್ತೇನೆ.

ಓದಲು ತೊಡಗಿದುದಕ್ಕೆ ಮನೆಯ ಕಾರಣವೊಂದುಂಟು. ನನ್ನ ಅಜ್ಜನಿಗೆ ಈಗ ಎಪ್ಪತ್ತಾರು. ಊರ ಕೆರೆಯಲ್ಲಿ ಅವರದೊಂದು ಹಳೆಯ ಮರದ ದೋಣಿ. ಹೋದ ವರ್ಷ ಅದನ್ನು ಹತ್ತುವಾಗ ಕಾಲು ಜಾರಿ ಬಿದ್ದರು. ಹೆಚ್ಚೇನೂ ಪೆಟ್ಟಾಗಲಿಲ್ಲ, ಆದರೂ ದೋಣಿಯನ್ನು ದಡಕ್ಕೆಳೆದು ಬೋರಲು ಹಾಕಿದೆವು. ಈ ವಯಸ್ಸಿನಲ್ಲಿ ಇದೆಲ್ಲ ಏತಕ್ಕೆ ಎಂದವರಲ್ಲಿ ನಾನೂ ಒಬ್ಬ.

ರವೀಂದ್ರರು ಹುಟ್ಟಿದುದು ೧೮೬೧ರ ಮೇ ೭ರಂದು, ಕಲ್ಕತ್ತೆಯ ಜೋಡಾಸಾಂಕೋ ಮನೆಯಲ್ಲಿ. ಸಿರಿವಂತರ ಮನೆ, ಆದರೆ ಬಾಲಕನಿಗೆ ಸೆರೆಮನೆ. ಆಳೊಬ್ಬನು ಸೀಮೆಸುಣ್ಣದಿಂದ ನೆಲದ ಮೇಲೆ ವೃತ್ತವೊಂದನ್ನೆಳೆದು ಅದರೊಳಗೆ ಅವರನ್ನು ಕೂರಿಸಿ ಹೋಗುತ್ತಿದ್ದನಂತೆ. ಒಮ್ಮೆ ಕಲ್ಕತ್ತೆಯಲ್ಲಿ ಡೆಂಗಿ ಜ್ವರ ಹರಡಿದಾಗ ಮನೆಮಂದಿ ಗಂಗೆಯ ದಡದ ಪೇನೇಟಿಯ ತೋಟದ ಮನೆಗೆ ಹೋದರು. ಹುಡುಗ ಬೆಳಗಾಗುತ್ತಲೇ ಎದ್ದು ಹೊರಗೋಡಿ ನದಿಯ ಮುಂದೆ ಕುಳಿತುಬಿಡುತ್ತಿದ್ದನು. ಊರೊಳಗೆ ಅಡ್ಡಾಡಲು ಅಪ್ಪಣೆಯಿರಲಿಲ್ಲ. ಆದರೆ ಹಾಯಿ ಬಿಚ್ಚಿ ಸಾಗುವ ದೋಣಿಗಳ ಮೇಲೆ ಮನಸ್ಸನ್ನು ಕಳುಹಿಸಲು ಯಾರ ಅಪ್ಪಣೆ ಬೇಕು? ತಂದೆ ದೇವೇಂದ್ರನಾಥರೊಡನೆ ಗಂಗೆಯ ಮೇಲೆ ದೋಣಿಯಲ್ಲಿ ಹೋದಾಗ, ತಂದೆಯ ಪುಸ್ತಕಗಳ ನಡುವೆ ಗೀತಗೋವಿಂದ ಕೈಗೆ ಸಿಕ್ಕಿತು. ಸಂಸ್ಕೃತ ಬಾರದು, ಪದ್ಯವನ್ನು ಸಾಲು ಬಿಡಿಸದೆ ಗದ್ಯದಂತೆ ಅಚ್ಚು ಹಾಕಿದ್ದರು. ಆದರೂ ಓದಿ ಓದಿ ಆ ಸಾಲುಗಳನ್ನು ತಾವೇ ಬಿಡಿಸಿಕೊಂಡರು.

೧೮೭೮ರಲ್ಲಿ ಇಂಗ್ಲೆಂಡಿಗೆ ಹೋಗಿ, ಯಾವ ಪದವಿಯನ್ನೂ ಪಡೆಯದೆ ೧೮೮೦ರಲ್ಲಿ ಮರಳಿದರು. (ಪರೀಕ್ಷೆಯ ಹೊತ್ತಿನಲ್ಲಿ ನಮ್ಮಲ್ಲಿ ಕೆಲವರಿಗೆ ಇದು ಸಮಾಧಾನ ತರಬಹುದು.) ಮರುವರ್ಷ ಚಂದ್ರನಗರದಲ್ಲಿ ಅಣ್ಣ ಜ್ಯೋತಿರಿಂದ್ರನಾಥ ಮತ್ತು ಅತ್ತಿಗೆ ಕಾದಂಬರೀ ದೇವಿಯವರೊಡನೆ ನದಿಯ ದಡದ ಮನೆಯೊಂದರಲ್ಲಿದ್ದರು. ಸಂಜೆ ದೋಣಿಯಲ್ಲಿ ಹೊರಟು, ಅಣ್ಣ ಪಿಟೀಲು ನುಡಿಸುವುದು, ತಮ್ಮ ಹಾಡುವುದು. ಪೂರವಿಯಿಂದ ಆರಂಭಿಸಿ, ಹೊತ್ತು ಇಳಿದಂತೆ ರಾಗ ಬದಲಿಸುತ್ತ, ಬೇಹಾಗಕ್ಕೆ ಬರುವ ಹೊತ್ತಿಗೆ ಮೂಡಣದಲ್ಲಿ ಚಂದ್ರ ಕಾಣಿಸಿಕೊಳ್ಳುತ್ತಿದ್ದನು. ಆಮೇಲೆ ಹುಟ್ಟು ಹಾಕಿ ಹಿಂದಿರುಗುತ್ತಿದ್ದರು.

ಇನ್ನು ನಮ್ಮ ಕಡೆಯ ಕಥೆ. ಸೊರಬದಿಂದ ಶಿರಸಿಯ ಮೇಲೆ ಹಾದು ಘಟ್ಟವಿಳಿದು ಕುಮಟೆಯಿಂದ ಬಡಗಲಿಗೆ ತಿರುಗಿದರೆ ಕಾರವಾರ. ಆಗ ಅದು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಐ.ಸಿ.ಎಸ್. ಸೇರಿದ ಮೊದಲ ಭಾರತೀಯರಾದ ಸತ್ಯೇಂದ್ರನಾಥ ಠಾಕೂರರು ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ೧೮೮೩ರಲ್ಲಿ ಇಪ್ಪತ್ತೆರಡರ ತಮ್ಮ ಅಣ್ಣನ ಮನೆಗೆ ಬಂದರು. ಗಾಳಿಮರದ ತೋಪು, ಅರ್ಧಚಂದ್ರದಂತೆ ಬಾಗಿದ ಮರಳದಂಡೆ, ಅದರ ಒಂದು ತುದಿಯಲ್ಲಿ ಕಡಲು ಸೇರುವ ಕಾಳೀನದಿ. ಒಂದು ಹುಣ್ಣಿಮೆಯ ಸಂಜೆ ಮನೆಯವರೆಲ್ಲ ಸಣ್ಣ ಹಾಯಿದೋಣಿಯಲ್ಲಿ ನದಿಯ ಮೇಲ್ಮುಖವಾಗಿ ಹೊರಟರು. ಕರಾವಳಿಯ ಕ್ರಮ ಬಲ್ಲವರಿಗೆ ಇದು ಸುಲಭವಾಗಿ ತಿಳಿಯುತ್ತದೆ: ಹಗಲು ನೆಲ ಕಾದು, ಮಧ್ಯಾಹ್ನದ ಮೇಲೆ ಗಾಳಿ ಕಡಲಿನಿಂದ ನೆಲದ ಕಡೆಗೆ ಬೀಸುತ್ತದೆ, ಹಾಯಿ ಬಿಚ್ಚಿದರೆ ಪ್ರವಾಹಕ್ಕೆ ಎದುರಾಗಿಯೂ ದೋಣಿ ಸಾಗುತ್ತದೆ. ರಾತ್ರಿ ಆ ಗಾಳಿ ಅಡಗುತ್ತದೆ.

ಶಿವಾಜಿಯ ಕಾಲದ್ದೆನ್ನುವ ಹಳೆಯ ಗುಡ್ಡದ ಕೋಟೆಯೊಂದರ ಬಳಿ ಅವರು ಇಳಿದರು. ಗುಡಿಸಿ ಚೊಕ್ಕಟವಾಗಿಟ್ಟಿದ್ದ ರೈತನೊಬ್ಬನ ಮನೆಯಂಗಳದಲ್ಲಿ, ಬೆಳುದಿಂಗಳು ಬಿದ್ದ ಕಡೆ ಕುಳಿತು, ತಂದಿದ್ದ ಬುತ್ತಿಯನ್ನುಂಡರು. ಹಿಂದಿರುಗುವಾಗ ದೋಣಿಯನ್ನು ಹರಿವಿಗೆ ಬಿಟ್ಟುಬಿಟ್ಟರು. ಎರಡು ಕಡೆಯೂ ಅಲುಗದ ಗುಡ್ಡ, ಕಾಡು. ನಡುವೆ ಸದ್ದಿಲ್ಲದ ನೀರು. ಅಳಿವೆ ತಲುಪಲು ಬಹಳ ಹೊತ್ತಾಯಿತು. ಅಲ್ಲಿಂದ ಕಡಲ ಮೇಲೆ ಹೋಗದೆ, ದೋಣಿಯಿಂದಿಳಿದು ಮರಳ ಮೇಲೆ ನಡೆದೇ ಮನೆ ಸೇರಿದರು. ಆ ರಾತ್ರಿ ರವೀಂದ್ರರು ಒಂದು ಕವಿತೆ ಬರೆದರು. ಪ್ರಕೃತಿಯನ್ನು ಗೆಲ್ಲಹೊರಟ ಸಂನ್ಯಾಸಿಯೊಬ್ಬನು ಸೋತು ಲೋಕದ ಪ್ರೀತಿಗೆ ಮರಳುವ ಕಥೆಯ ‘ಪ್ರಕೃತಿರ್ ಪ್ರತಿಶೋಧ’ ನಾಟಕವನ್ನು ಬರೆದುದೂ ಕಾರವಾರದಲ್ಲಿಯೇ. ತಮ್ಮ ಮುಂದಿನ ಬರಹಕ್ಕೆಲ್ಲ ಅದು ಪೀಠಿಕೆಯಂತಿತ್ತೆಂದು ಅವರೇ ಆಮೇಲೆ ನೆನೆದರು. ಇಂದು ಕಾರವಾರದ ಕಡಲತೀರಕ್ಕೆ ಅವರ ಹೆಸರಿದೆ. ನದಿಯ ಮೇಲಣ ಆ ರಾತ್ರಿಯನ್ನು ನೆನೆಯುವವರು ಕಡಿಮೆ.

ಅದೇ ವರ್ಷ ಡಿಸೆಂಬರಿನಲ್ಲಿ ವಿವಾಹವಾಯಿತು. ೧೮೮೪ರ ಏಪ್ರಿಲಿನಲ್ಲಿ ಕಾದಂಬರೀ ದೇವಿಯವರು ತೀರಿಕೊಂಡರು. ಚಂದ್ರನಗರದ ಆ ದೋಣಿಯ ಮೂವರಲ್ಲಿ ಒಬ್ಬರು ಇಲ್ಲವಾದರು. ಜ್ಯೋತಿರಿಂದ್ರರು ಇಂಗ್ಲಿಷ್ ಕಂಪನಿಯೊಡನೆ ಸ್ಪರ್ಧೆಗಿಳಿದು ಉಗಿಹಡಗುಗಳನ್ನು ನಡೆಸಿ, ಪ್ರಯಾಣಿಕರನ್ನು ಬಿಟ್ಟಿಯಾಗಿ ಒಯ್ದು, ಸಾಲದಲ್ಲಿ ಮುಳುಗಿದರು. ದೊಡ್ಡ ಹಡಗು ಆ ಮನೆತನಕ್ಕೆ ಒಗ್ಗಲಿಲ್ಲ.

ಮೂವತ್ತರ ಸುಮಾರಿಗೆ ತಂದೆ ಅವರಿಗೆ ಪೂರ್ವ ಬಂಗಾಳದ ಜಮೀನಿನ ಆಡಳಿತವನ್ನೊಪ್ಪಿಸಿದರು. ಶಿಲಾಯಿದಹದಲ್ಲಿ ಕಚೇರಿ, ಆದರೆ ವಾಸ ಬಹುಮಟ್ಟಿಗೆ ‘ಪದ್ಮಾ’ ಎಂಬ ದೋಣಿಮನೆಯಲ್ಲಿ. ಲೆಕ್ಕ ನೋಡುವುದು, ರೈತರ ಅಹವಾಲು ಕೇಳುವುದು, ಕಥೆ ಬರೆಯುವುದು ಎಲ್ಲವೂ ನೀರಿನ ಮೇಲೆ. ೧೮೯೨ರ ಜುಲೈನಲ್ಲಿ ಹಾಯಿ ಕಟ್ಟಿ ಬರುತ್ತಿದ್ದ ದೋಣಿಯ ಕಂಬ ಗೋರಾಯ್ ನದಿಯ ಸೇತುವೆಗೆ ಸಿಕ್ಕಿಕೊಂಡಿತು. ಕೆಳಗೆ ಮಳೆಗಾಲದ ಸೆಳವು ದೋಣಿಯನ್ನು ನೂಕುತ್ತಿದೆ, ಮೇಲೆ ಸೇತುವೆ ಕಂಬವನ್ನು ಬಿಡಲೊಲ್ಲದು. ಬೇರೊಂದು ದೋಣಿ ಬಂದು ಅವರನ್ನು ಉಳಿಸಿತು. ನಮ್ಮ ಮನೆಯಲ್ಲಾಗಿದ್ದರೆ ಅಂದೇ ಆ ದೋಣಿ ಬೋರಲಾಗುತ್ತಿತ್ತು. ಅವರು ದೋಣಿಯ ವಾಸವನ್ನು ಬಿಡಲಿಲ್ಲ. ೧೮೯೪ರಲ್ಲಿ ಪ್ರಕಟವಾದ ಕವನಸಂಗ್ರಹದ ಹೆಸರೇ ‘ಸೋನಾರ್ ತರಿ’, ಎಂದರೆ ಹೊನ್ನ ದೋಣಿ.

ಶಾಂತಿನಿಕೇತನ, ೧೯೧೩ರ ನೊಬೆಲ್ ಬಹುಮಾನ, ದೇಶಾಂತರ ಯಾತ್ರೆ ಇವನ್ನೆಲ್ಲ ವಾಚಕರು ಬಲ್ಲರು. ನನ್ನನ್ನು ತಡೆದು ನಿಲ್ಲಿಸಿದುದು ೧೯೩೫ನೆಯ ವರ್ಷ. ಆಗ ಅವರಿಗೆ ಎಪ್ಪತ್ತನಾಲ್ಕು, ದೇಹ ದಣಿದಿತ್ತು. ಆ ಬೇಸಿಗೆಯಲ್ಲಿ ಅವರು ಚಂದ್ರನಗರಕ್ಕೆ ಹೋಗಿ, ಗಂಗೆಯ ಮೇಲೆ, ಅದೇ ಪದ್ಮಾ ದೋಣಿಯಲ್ಲಿ ಉಳಿದರು. ಅಣ್ಣನ ಪಿಟೀಲಿಗೆ ಹಾಡಿದ ಸಂಜೆಗಳಿಗೆ ಐವತ್ತನಾಲ್ಕು ವರ್ಷ ಕಳೆದಿತ್ತು. ೧೯೪೧ರ ಆಗಸ್ಟ್ ೭ರಂದು, ಹುಟ್ಟಿದ ಮನೆಯಲ್ಲಿಯೇ ತೀರಿಕೊಂಡರು.

ಮೊನ್ನೆ ರಜೆಯಲ್ಲಿ ಊರಿಗೆ ಹೋದಾಗ ಇದನ್ನೆಲ್ಲ ಅಜ್ಜನಿಗೆ ಹೇಳಿದೆ. ಕಾರವಾರದ ರಾತ್ರಿಯನ್ನು ಎರಡು ಸಲ ಹೇಳಿಸಿಕೊಂಡರು. ಎಲ್ಲ ಮುಗಿದ ಮೇಲೆ, ಅಷ್ಟು ವರ್ಷದ ಪದ್ಮಾ ದೋಣಿಗೆ ತಳದಲ್ಲಿ ನೀರು ಒಸರುತ್ತಿರಲಿಲ್ಲವೇ ಎಂದು ಕೇಳಿದರು. ಪುಸ್ತಕದಲ್ಲಿ ಅದಿರಲಿಲ್ಲ. ನಮ್ಮದು ಒಸರುತ್ತದೆ. ಸಂಜೆ ನಾವಿಬ್ಬರೂ ಕೆರೆಯ ದಂಡೆಗೆ ಹೋಗಿ ಬೋರಲು ಬಿದ್ದಿದ್ದ ದೋಣಿಯ ತಳವನ್ನು ಕೆರೆದು ನೋಡಿದೆವು. ಎರಡು ಹಲಗೆ ಬದಲಿಸಬೇಕು, ಬಿರುಕಿಗೆ ಡಾಂಬರು ಕಾಯಿಸಿ ಹಾಕಬೇಕು. ಹತ್ತುವಾಗ ಕೈ ಹಿಡಿಯಲು ನಾನಿದ್ದೇನೆ.