ಸಿ ಡ್ರೈವಿನ ಮೂಲಪುರುಷ

ಕಳೆದ ಸೆಮಿಸ್ಟರ್ ಪರೀಕ್ಷೆಗೆ ಒಂದೇ ವಾರ ಇದ್ದಾಗ ನನ್ನ ಕಂಪ್ಯೂಟರ್ ಬೂಟ್ ಆಗಲಿಲ್ಲ. ತಪ್ಪು ನನ್ನದೇ. ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ವಿಂಡೋಸ್, ಹೊಸದಾಗಿ ಹಾಕಿಸಿದ ಎಸ್‌ಎಸ್‌ಡಿಯಲ್ಲಿ ಉಬುಂಟು ಇತ್ತು. ಇನ್ನು ಉಬುಂಟು ಒಂದೇ ಸಾಕೆಂದು ಹಳೆಯ ಡಿಸ್ಕ್ ಬಿಚ್ಚಿ ಚಿಕ್ಕಪ್ಪನ ಮಗನಿಗೆಂದು ಎತ್ತಿಟ್ಟೆ. ಆಮೇಲೆ ಬರೀ ಕಪ್ಪು ಪರದೆ. ಉಬುಂಟು ಎಸ್‌ಎಸ್‌ಡಿಯಲ್ಲೇ ಇದ್ದರೂ ಅದನ್ನು ಎಬ್ಬಿಸುವ ಬೂಟ್‌ಲೋಡರ್ ಹಳೆಯ ಡಿಸ್ಕ್‌ನ ಇಎಫ್‌ಐ ವಿಭಾಗದಲ್ಲಿ ಕೂತಿತ್ತು! ಮನೆ ಕೊಕ್ಕನೂರಿನಲ್ಲಿ, ಬೀಗದ ಕೈ ಹರಿಹರದಲ್ಲಿ ಇದ್ದ ಹಾಗೆ. ಡಿಸ್ಕ್ ಮತ್ತೆ ಜೋಡಿಸಿ, ಬೂಟ್ ಆರ್ಡರ್ ಸರಿ ಮಾಡಿ, ಎಸ್‌ಎಸ್‌ಡಿಯಲ್ಲೇ ಒಂದು ಇಎಫ್‌ಐ ವಿಭಾಗ ಮಾಡಿ ಗ್ರಬ್ ಹಾಕುವಷ್ಟರಲ್ಲಿ ರಾತ್ರಿ ಎರಡಾಗಿತ್ತು.

ಬಯಾಸ್ ಎಂಬ ಹೆಸರು ಎಲ್ಲಿಂದ ಬಂತು, ಡ್ರೈವ್‌ಗಳು ಎ, ಬಿ ಬಿಟ್ಟು ಸಿಯಿಂದ ಏಕೆ ಶುರುವಾಗುತ್ತವೆ ಎಂದು ಆಮೇಲೆ ಹುಡುಕುತ್ತಾ ಹೋದವಳಿಗೆ ಸಿಕ್ಕವರು ಗ್ಯಾರಿ ಕಿಲ್ಡಾಲ್.

ಅವರು ಹುಟ್ಟಿದ್ದು 1942ರಲ್ಲಿ, ಅಮೆರಿಕದ ಸಿಯಾಟಲ್‌ನಲ್ಲಿ. ಮನೆಯವರು ಹಡಗಿನವರಿಗೆ ದಿಕ್ಕು ಲೆಕ್ಕ ಹಾಕುವುದನ್ನು ಕಲಿಸುವ ಶಾಲೆ ನಡೆಸುತ್ತಿದ್ದರು. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಓದಿ 1972ರಲ್ಲಿ ಪಿಎಚ್‌.ಡಿ ಪಡೆದರು. ಅಷ್ಟರಲ್ಲಾಗಲೇ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ನೌಕಾಪಡೆಯ ಕಾಲೇಜಿನ ಮೇಷ್ಟರಾಗಿದ್ದರು. ಇಂಟೆಲ್‌ನ ಪುಟ್ಟ ಚಿಪ್ ಒಂದನ್ನು ಇಟ್ಟುಕೊಂಡು ಶುರುವಾದ ಹುಚ್ಚು ಅವರನ್ನು ಅದೇ ಕಂಪನಿಯ ಸಲಹೆಗಾರನನ್ನಾಗಿ ಮಾಡಿತು.

ಆಗ ಅವರ ಬಳಿ ಒಂದು ಫ್ಲಾಪಿ ಡ್ರೈವ್ ಇತ್ತು, ಅದನ್ನು ಚಿಪ್‌ಗೆ ಜೋಡಿಸುವ ಕಂಟ್ರೋಲರ್ ಇರಲಿಲ್ಲ. ತಾವೇ ಮಾಡಲು ಹೋಗಿ ಸೋತರು. (ಹಾರ್ಡ್‌ವೇರ್ ಲ್ಯಾಬ್‌ನಲ್ಲಿ ಒದ್ದಾಡುವ ನನಗೆ ಇದು ದೊಡ್ಡ ಸಮಾಧಾನ.) ಕೊನೆಗೆ ಗೆಳೆಯ ಜಾನ್ ಟೊರೋಡ್ ಅದನ್ನು ಮಾಡಿಕೊಟ್ಟರು. 1974ರಲ್ಲಿ ಪೆಸಿಫಿಕ್ ಗ್ರೋವ್‌ನಲ್ಲಿ ಆ ಡಿಸ್ಕ್‌ನಿಂದ ಕಂಪ್ಯೂಟರ್ ಎದ್ದು ನಿಂತಿತು. ಸಿಪಿ/ಎಂ ಎಂಬ ಆಪರೇಟಿಂಗ್ ಸಿಸ್ಟಮ್ ಹುಟ್ಟಿದ್ದು ಹೀಗೆ. ಹೆಂಡತಿ ಡೊರೊಥಿ ಜೊತೆ ಸೇರಿ ಕಟ್ಟಿದ ಕಂಪನಿಯೇ ಡಿಜಿಟಲ್ ರಿಸರ್ಚ್.

ಅವರ ನಿಜವಾದ ಜಾಣ್ಮೆ ಮುಂದಿನದು. ಆಗ ಒಂದೊಂದು ಕಂಪನಿಯ ಯಂತ್ರ ಒಂದೊಂದು ಥರ. ಪ್ರತಿಯೊಂದಕ್ಕೂ ಇಡೀ ಸಿಸ್ಟಮ್ ತಿದ್ದಿ ಸಾಕಾದ ಕಿಲ್ಡಾಲ್, ಯಂತ್ರಕ್ಕೆ ಅಂಟಿಕೊಂಡ ಕೆಲಸವನ್ನೆಲ್ಲ, ಅಂದರೆ ಕೀಬೋರ್ಡ್, ಪರದೆ, ಡಿಸ್ಕ್‌ಗಳ ಜೊತೆ ಮಾತಾಡುವುದನ್ನು, ಬೇರೆಯೇ ಒಂದು ಭಾಗವಾಗಿ ಕತ್ತರಿಸಿಟ್ಟರು. ಅದಕ್ಕೆ ಇಟ್ಟ ಹೆಸರು ಬಯಾಸ್. ಹೊಸ ಯಂತ್ರ ಬಂದರೆ ಅಷ್ಟನ್ನು ಮಾತ್ರ ಬದಲಿಸಿದರೆ ಸಾಕು. ಸಿಪಿ/ಎಂನಲ್ಲಿ ಅದು ಡಿಸ್ಕ್‌ನಿಂದಲೇ ಬರುತ್ತಿತ್ತು, ಪಿಸಿಯಲ್ಲಿ ಮದರ್‌ಬೋರ್ಡ್ ಮೇಲಿನ ಚಿಪ್‌ಗೆ ಹೋಯಿತು. ಈಗ ಆ ಜಾಗದಲ್ಲಿ ಯುಇಎಫ್‌ಐ ಇದೆ. ಡ್ರೈವ್‌ಗಳ ಅಕ್ಷರವೂ ನಮ್ಮ ಪಿಸಿಗೆ ಸಿಪಿ/ಎಂನಿಂದಲೇ ಬಂದದ್ದು. ಸಿಸ್ಟಮ್ ಏಳುತ್ತಿದ್ದದ್ದು ಎ ಡ್ರೈವ್‌ನಿಂದ. ಪಿಸಿಯಲ್ಲಿ ಎ, ಬಿ ಎರಡೂ ಫ್ಲಾಪಿಗೆ ಹೋದ ಮೇಲೆ ಹಾರ್ಡ್ ಡಿಸ್ಕ್‌ಗೆ ಉಳಿದದ್ದು ಸಿ.

ನಾನು ಕಿಲ್ಡಾಲ್ ಹೆಸರನ್ನು ಮೊದಲು ಕೇಳಿದ್ದು ಒಂದು ಪ್ಲೇಸ್‌ಮೆಂಟ್ ತರಬೇತಿಯಲ್ಲಿ. 1980ರಲ್ಲಿ ಐಬಿಎಂನವರು ಮನೆ ಬಾಗಿಲಿಗೆ ಬಂದಾಗ ಈ ಮನುಷ್ಯ ವಿಮಾನ ಹಾರಿಸುತ್ತಾ ಕೂತಿದ್ದ, ಅವಕಾಶ ಬಿಲ್ ಗೇಟ್ಸ್ ಪಾಲಾಯಿತು, ನೀವು ಹೀಗಾಗಬೇಡಿ ಎಂದು ಹೇಳಿದ್ದರು. ಎಲ್ಲರೂ ಚಪ್ಪಾಳೆ ಹೊಡೆದೆವು. ಓದಿದ ಮೇಲೆ ಆ ಚಪ್ಪಾಳೆಗೆ ನಾಚಿಕೆಯಾಗಿದೆ. ಅವರು ಹಾರಿಸುತ್ತಿದ್ದದ್ದು ತಮ್ಮದೇ ವಿಮಾನ, ಹೋಗಿದ್ದು ವ್ಯವಹಾರದ ಕೆಲಸಕ್ಕೆ. ಒಪ್ಪಂದಗಳನ್ನು ನೋಡಿಕೊಳ್ಳುತ್ತಿದ್ದವರು ಡೊರೊಥಿ. ಐಬಿಎಂ ಮುಂದಿಟ್ಟ ಗೋಪ್ಯತೆಯ ಕರಾರಿಗೆ ಸಹಿ ಹಾಕಲು ಅವರು ಹಿಂಜರಿದರು. ಆ ದಿನದ ಉಳಿದ ಕಥೆಯನ್ನು ಅಲ್ಲಿದ್ದವರೇ ಒಬ್ಬೊಬ್ಬರು ಒಂದೊಂದು ರೀತಿ ಹೇಳಿದ್ದಾರೆ.

ಮೈಕ್ರೋಸಾಫ್ಟ್ ಕೊಟ್ಟ ಡಾಸ್ ಕೂಡ ಹೊಸದಾಗಿ ಬರೆದದ್ದಲ್ಲ. ಸಿಯಾಟಲ್‌ನ ಬೇರೊಂದು ಕಂಪನಿಯಿಂದ ಕೊಂಡದ್ದು, ಸಿಪಿ/ಎಂನ ಹಾದಿಯಲ್ಲೇ ಕಟ್ಟಿದ್ದು. ಕಿಲ್ಡಾಲ್ ತಕರಾರು ತೆಗೆದ ಮೇಲೆ ಐಬಿಎಂ ಎರಡನ್ನೂ ಮಾರಲು ಒಪ್ಪಿತು. ಆದರೆ ಡಾಸ್‌ಗೆ 40 ಡಾಲರ್, ಸಿಪಿ/ಎಂಗೆ 240! ಗಿರಾಕಿ ಯಾವುದನ್ನು ಕೊಳ್ಳುತ್ತಾನೆ? ಅವಕಾಶ ತಪ್ಪಿಸಿಕೊಂಡವರ ಕಥೆಯಲ್ಲಿ ಈ ಬೆಲೆಪಟ್ಟಿಯನ್ನು ಯಾರೂ ಹೇಳುವುದಿಲ್ಲ.

ಆಮೇಲೂ ಅವರು ಸುಮ್ಮನೆ ಕೂರಲಿಲ್ಲ. ಟಿವಿಯಲ್ಲಿ ಕಂಪ್ಯೂಟರ್ ಕ್ರಾನಿಕಲ್ಸ್ ಕಾರ್ಯಕ್ರಮದ ಸಹ ನಿರೂಪಕರಾಗಿ ಜನಕ್ಕೆ ಕಂಪ್ಯೂಟರ್ ಪರಿಚಯಿಸಿದರು, ಸಿಡಿಯಲ್ಲಿ ವಿಶ್ವಕೋಶ ತರುವ ಕೆಲಸಕ್ಕೂ ಕೈ ಹಾಕಿದರು. 1991ರಲ್ಲಿ ಡಿಜಿಟಲ್ ರಿಸರ್ಚ್ ನಾವೆಲ್ ಕಂಪನಿಯ ಪಾಲಾಯಿತು. 1994ರ ಜುಲೈ 11ರಂದು, ತಲೆಗೆ ಪೆಟ್ಟು ಬಿದ್ದ ಮೂರೇ ದಿನಕ್ಕೆ, ಅವರು ತೀರಿಕೊಂಡಾಗ ವಯಸ್ಸು 52. ಪೆಸಿಫಿಕ್ ಗ್ರೋವ್‌ನಲ್ಲಿ ಅವರು ಕೆಲಸ ಮಾಡುತ್ತಿದ್ದ ಮನೆಯ ಮುಂದೆ 2014ರಲ್ಲಿ ಐಇಇಇ ಒಂದು ಸ್ಮರಣ ಫಲಕ ಹಾಕಿತು.

ಆ ಹಳೆಯ ಡಿಸ್ಕ್ ಈಗ ಚಿಕ್ಕಪ್ಪನ ಮಗನ ಬಳಿ ಇದೆ. ಜೋಡಿಸಿಕೊಟ್ಟ ದಿನ ಅವನು ಕೇಳಿದ ಮೊದಲ ಪ್ರಶ್ನೆ, ಅಕ್ಕಾ, ಎ ಮತ್ತು ಬಿ ಎಲ್ಲಿ ಹೋದವು ಎಂದು. ಹೇಳಿ ಮುಗಿಸಲು ಅರ್ಧ ಗಂಟೆ ಹಿಡಿಯಿತು.