ದುಡಿಮೆಯನ್ನು ಪಾಠವಾಗಿಸಿದ ಗುರು: ಡಾ. ಝಾಕಿರ್ ಹುಸೇನ್

ಭಾರತದ ಮೂರನೇ ರಾಷ್ಟ್ರಪತಿ ಯಾರೆಂದು ಕೇಳಿದರೆ ನಮ್ಮ ವಿದ್ಯಾರ್ಥಿಗಳು ಡಾ. ಝಾಕಿರ್ ಹುಸೇನ್ ಎಂದು ತಕ್ಷಣ ಉತ್ತರಿಸುತ್ತಾರೆ. ರಸಪ್ರಶ್ನೆ ಸ್ಪರ್ಧೆಗೆ ಅಷ್ಟು ಸಾಕು. ಆದರೆ ಅವರು ರಾಷ್ಟ್ರಪತಿಯಾಗಿದ್ದದ್ದು ಎರಡು ವರ್ಷಗಳಿಗೂ ಕಡಿಮೆ ಅವಧಿ. ಬಡ ವಿದ್ಯಾಸಂಸ್ಥೆಯೊಂದನ್ನು ಉಳಿಸಿ ಬೆಳೆಸಲು ದುಡಿದದ್ದು 22 ವರ್ಷ. ಅವರನ್ನು ಅರಿಯಬೇಕಾದರೆ ಭವನಕ್ಕಿಂತ ಮೊದಲು ಶಾಲೆಗೆ ಹೋಗಬೇಕು.

ಝಾಕಿರ್ ಹುಸೇನ್‌ರವರು 1897ರ ಫೆಬ್ರವರಿ 8ರಂದು ಹೈದರಾಬಾದಿನಲ್ಲಿ ಜನಿಸಿದರು. ಅವರ ಮನೆತನ ಉತ್ತರ ಪ್ರದೇಶದ ಕಾಯಮ್‌ಗಂಜ್‌ನದು. ಹತ್ತನೇ ವಯಸ್ಸಿಗೆ ವಕೀಲರಾಗಿದ್ದ ತಂದೆಯನ್ನು ಕಳೆದುಕೊಂಡರು. 1911ರಲ್ಲಿ ಪ್ಲೇಗ್ ತಾಯಿಯನ್ನೂ ಕೊಂಡೊಯ್ದಿತು. ಆಗ ಅವರು ಇಟಾವಾದ ಇಸ್ಲಾಮಿಯಾ ಹೈಸ್ಕೂಲಿನ ವಿದ್ಯಾರ್ಥಿ. ಯತೀಮನಾದ ಈ ಬಾಲಕ ಓದು ಬಿಡಲಿಲ್ಲ. ಅಲ್ಲಿಂದ ಅಲಿಗಢದ ಕಾಲೇಜು ಸೇರಿದರು.

1920ರಲ್ಲಿ ಅಸಹಕಾರ ಚಳವಳಿಯ ಕರೆ ಬಂದಾಗ ಸರಕಾರಿ ನೆರವಿನ ಕಾಲೇಜನ್ನು ತೊರೆದ ವಿದ್ಯಾರ್ಥಿಗಳಲ್ಲಿ ಅವರು ಮುಂಚೂಣಿಯಲ್ಲಿದ್ದರು. ಅದೇ ಅಕ್ಟೋಬರ್ 29ರಂದು ಅಲಿಗಢದಲ್ಲಿ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಸ್ಥಾಪನೆಯಾಯಿತು. ಎರಡು ವರ್ಷಗಳ ನಂತರ ಉನ್ನತ ವ್ಯಾಸಂಗಕ್ಕಾಗಿ ಜರ್ಮನಿಗೆ ತೆರಳಿದರು. ಬರ್ಲಿನ್ ವಿಶ್ವವಿದ್ಯಾನಿಲಯದಲ್ಲಿ ಅವರು ಡಾಕ್ಟರೇಟ್‌ಗೆ ಆರಿಸಿಕೊಂಡ ವಿಷಯ ಬ್ರಿಟಿಷ್ ಭಾರತದ ಕೃಷಿ ವ್ಯವಸ್ಥೆ. ಪರದೇಶದಲ್ಲಿ ಕುಳಿತು ಅವರು ಅಧ್ಯಯನ ಮಾಡಿದ್ದು ನಮ್ಮ ರೈತನ ಬದುಕನ್ನೇ.

ಜರ್ಮನಿ ಅವರಿಗೆ ಇನ್ನೊಂದು ಪಾಠವನ್ನೂ ಕಲಿಸಿತು. ಮ್ಯೂನಿಕ್ ನಗರದ ಶಾಲೆಗಳ ಮೇಲ್ವಿಚಾರಕರಾಗಿದ್ದ ಗಿಯೋರ್ಗ್ ಕೆರ್ಶೆನ್‌ಸ್ಟೈನರ್ ಎಂಬ ಶಿಕ್ಷಣತಜ್ಞರು ಅಲ್ಲಿನ ಶಾಲೆಗಳಲ್ಲಿ ಕಾರ್ಯಾಗಾರ, ಪ್ರಯೋಗಾಲಯ, ಕೈತೋಟಗಳನ್ನು ತಂದಿದ್ದರು. ಕೆಲಸದ ಮೂಲಕವೇ ಮಗುವಿನ ಬುದ್ಧಿ ಮತ್ತು ಶೀಲ ಬೆಳೆಯುತ್ತವೆ ಎಂಬುದು ಅವರ ವಿಚಾರ. ಇದು ಝಾಕಿರ್ ಹುಸೇನ್‌ರ ಮನಸ್ಸಿನಲ್ಲಿ ಬೇರೂರಿತು. ಬರ್ಲಿನ್‌ನಲ್ಲಿ ಗಾಲಿಬ್‌ರ ದೀವಾನ್ ಅನ್ನು ಮುದ್ರಿಸಿದಾಗ ಮುದ್ರಣಾಲಯದಲ್ಲಿ ತಾವೇ ಅಚ್ಚಿನ ಮೊಳೆ ಜೋಡಿಸಿದರೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಕೈಕೆಲಸ ಅವರಿಗೆ ಕೇವಲ ಭಾಷಣದ ವಸ್ತುವಾಗಿರಲಿಲ್ಲ.

1926ರಲ್ಲಿ ಗೆಳೆಯರಾದ ಆಬಿದ್ ಹುಸೇನ್ ಮತ್ತು ಮುಹಮ್ಮದ್ ಮುಜೀಬ್‌ರೊಂದಿಗೆ ಸ್ವದೇಶಕ್ಕೆ ಮರಳಿದಾಗ ಜಾಮಿಯಾ ದೆಹಲಿಗೆ ಸ್ಥಳಾಂತರಗೊಂಡಿತ್ತು, ಆದರೆ ಮುಚ್ಚುವ ಸ್ಥಿತಿಯಲ್ಲಿತ್ತು. 29ರ ಹರೆಯದಲ್ಲಿ ಅವರು ಅದರ ಕುಲಪತಿಯಾದರು. ಆಸರೆಯಾಗಿದ್ದ ಹಕೀಮ್ ಅಜ್ಮಲ್ ಖಾನ್ 1927ರ ಕೊನೆಯಲ್ಲಿ ತೀರಿಕೊಂಡಾಗ ಕಷ್ಟ ಇಮ್ಮಡಿಯಾಯಿತು. ಆಗ ಅಧ್ಯಾಪಕರು ಒಂದು ಪ್ರತಿಜ್ಞೆ ಮಾಡಿದರು: 20 ವರ್ಷ ಸಂಸ್ಥೆಯನ್ನು ಬಿಡುವುದಿಲ್ಲ, ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ವೇತನ ಕೇಳುವುದಿಲ್ಲ. ಕುಲಪತಿಗಳು ಪಡೆಯುತ್ತಿದ್ದುದು ಅದಕ್ಕಿಂತಲೂ ಕಡಿಮೆ. 1935ರಲ್ಲಿ ಓಖ್ಲಾದಲ್ಲಿ ಹೊಸ ಕಟ್ಟಡಕ್ಕೆ ಅಡಿಗಲ್ಲು ಇಡಿಸಿದ್ದು ಯಾವ ನವಾಬರಿಂದಲೂ ಅಲ್ಲ, ಶಾಲೆಯ ಅತ್ಯಂತ ಕಿರಿಯ ವಿದ್ಯಾರ್ಥಿಯಿಂದ.

1937ರ ಅಕ್ಟೋಬರ್‌ನಲ್ಲಿ ವಾರ್ಧಾದಲ್ಲಿ ಶಿಕ್ಷಣ ಸಮ್ಮೇಳನ ನಡೆಯಿತು. ಮಕ್ಕಳಿಗೆ ಕಸುಬಿನ ಮೂಲಕ ಶಿಕ್ಷಣ ನೀಡಬೇಕು, ಮಕ್ಕಳು ತಯಾರಿಸಿದ ವಸ್ತುಗಳಿಂದ ಶಿಕ್ಷಕರ ಸಂಬಳ ಹೊರಡಬೇಕು ಎಂಬುದು ಗಾಂಧೀಜಿಯವರ ಯೋಜನೆ. ಝಾಕಿರ್ ಹುಸೇನ್ ಮೊದಲನೆಯದನ್ನು ಒಪ್ಪಿದರು, ಎರಡನೆಯದರ ಅಪಾಯವನ್ನು ಗಾಂಧೀಜಿಯವರ ಮುಂದೆಯೇ ಎತ್ತಿ ತೋರಿಸಿದರು. ಸಂಪಾದನೆಗೇ ಒತ್ತು ಬಿದ್ದರೆ ಬಡ ಮಕ್ಕಳ ದುಡಿಮೆ ಶೋಷಣೆಗೆ ಒಳಗಾದೀತು, ಶಿಕ್ಷಕ ಮೇಸ್ತ್ರಿಯಾದಾನು ಎಂಬುದು ಅವರ ಕಳವಳ. ಹೀಗೆ ಟೀಕಿಸಿದವರನ್ನೇ ಪಠ್ಯಕ್ರಮ ಸಮಿತಿಯ ಅಧ್ಯಕ್ಷರನ್ನಾಗಿ ಮಾಡಲಾಯಿತು!

ಡಿಸೆಂಬರ್‌ನಲ್ಲೇ ಸಮಿತಿಯ ವರದಿ ಸಿದ್ಧವಾಯಿತು. 7ರಿಂದ 14 ವರ್ಷದವರೆಗೆ ಮಾತೃಭಾಷೆಯಲ್ಲಿ ಉಚಿತ ಶಿಕ್ಷಣ. ನೂಲುವುದು-ನೇಯುವುದು, ಬಡಗಿ ಕೆಲಸ, ಕೃಷಿ, ಹಣ್ಣು-ತರಕಾರಿ ತೋಟಗಾರಿಕೆ, ಚರ್ಮದ ಕೆಲಸ ಮುಂತಾದವುಗಳಲ್ಲಿ ಒಂದು ಕಸುಬು ಕಲಿಕೆಯ ಕೇಂದ್ರ. ದಿನದ ಐದೂವರೆ ಗಂಟೆಗಳಲ್ಲಿ 3 ಗಂಟೆ 20 ನಿಮಿಷ ಕಸುಬಿಗೆ ಮೀಸಲು. ಉಳಿದ ಪಾಠಗಳನ್ನೂ ಸಾಧ್ಯವಾದಷ್ಟು ಆ ಕಸುಬಿಗೇ ಹೆಣೆಯಬೇಕು. ಮಡಿ ಅಳೆಯುವಾಗ ಗಣಿತ, ಮಣ್ಣು ಪರೀಕ್ಷಿಸುವಾಗ ವಿಜ್ಞಾನ, ಬೆಳೆ ಎಲ್ಲಿಂದ ಬಂತೆಂದು ಕೇಳುವಾಗ ಭೂಗೋಳ ಮತ್ತು ಇತಿಹಾಸ ಹೀಗೆ ಬರುತ್ತವೆ. 1938ರ ಹರಿಪುರ ಅಧಿವೇಶನದಲ್ಲಿ ಕಾಂಗ್ರೆಸ್ ಈ ಯೋಜನೆಯನ್ನು ಅಂಗೀಕರಿಸಿತು. ಹಿಂದೂಸ್ತಾನಿ ತಾಲೀಮಿ ಸಂಘಕ್ಕೆ ಝಾಕಿರ್ ಹುಸೇನ್ ಅಧ್ಯಕ್ಷರಾದರು. ಜಾಮಿಯಾದಲ್ಲಿ ಶಿಕ್ಷಕರ ತರಬೇತಿ ಶಾಲೆಯೂ ಆರಂಭವಾಯಿತು.

ಟೀಕೆಗಳಿಗೆ ಕೊರತೆ ಇರಲಿಲ್ಲ. ಯೋಜನೆಯಲ್ಲಿ ಧಾರ್ಮಿಕ ಶಿಕ್ಷಣಕ್ಕೆ ಸ್ಥಾನವಿಲ್ಲವೆಂದು ಮುಸ್ಲಿಂ ಲೀಗ್ ಕಟುವಾಗಿ ವಿರೋಧಿಸಿತು. ತಮ್ಮ ಸಮುದಾಯದಲ್ಲೇ ಹಲವರು ಅವರನ್ನು ಸಂಶಯದಿಂದ ಕಂಡರು. ಅವರು ಯಾರನ್ನೂ ಜರೆಯಲಿಲ್ಲ, ಕೆಲಸವನ್ನೂ ನಿಲ್ಲಿಸಲಿಲ್ಲ. 1946ರ ನವೆಂಬರ್‌ನಲ್ಲಿ ಜಾಮಿಯಾದ ಬೆಳ್ಳಿಹಬ್ಬದಂದು ಜಿನ್ನಾ ಮತ್ತು ನೆಹರೂ ಇಬ್ಬರನ್ನೂ ಒಂದೇ ವೇದಿಕೆಗೆ ತಂದು, ದೇಶದಲ್ಲಿ ಹೊತ್ತಿದ ದ್ವೇಷದ ಬೆಂಕಿಯನ್ನು ಆರಿಸಿರೆಂದು ಬೇಡಿಕೊಂಡರು. ಮರುವರ್ಷ ಜಲಂಧರ್ ರೈಲು ನಿಲ್ದಾಣದಲ್ಲಿ ಅವರ ಪ್ರಾಣಕ್ಕೇ ಕುತ್ತು ಬಂದಿತ್ತು. ಅವರನ್ನು ಕಾಪಾಡಿದವರು ಒಬ್ಬ ಸಿಖ್ ಸೇನಾಧಿಕಾರಿ ಮತ್ತು ಒಬ್ಬ ಹಿಂದೂ ರೈಲ್ವೆ ಅಧಿಕಾರಿ.

ಸ್ವಾತಂತ್ರ್ಯಾನಂತರ ಅಲಿಗಢ ವಿಶ್ವವಿದ್ಯಾನಿಲಯದ ಕುಲಪತಿ, 1957ರಿಂದ ಬಿಹಾರದ ರಾಜ್ಯಪಾಲ, 1962ರಲ್ಲಿ ಉಪರಾಷ್ಟ್ರಪತಿ, 1967ರಲ್ಲಿ ರಾಷ್ಟ್ರಪತಿ ಹೀಗೆ ಪದವಿಗಳು ಬಂದವು. 1963ರಲ್ಲಿ ಭಾರತರತ್ನ ಪ್ರಶಸ್ತಿ ದೊರೆಯಿತು. ಎಲ್ಲಿದ್ದರೂ ಗುಲಾಬಿ ತೋಟ ಅವರ ಪ್ರೀತಿಯ ತಾಣ. ಆದರೆ ಅವರು ರೂಪಿಸಿದ ಮೂಲ ಶಿಕ್ಷಣ ಮಾತ್ರ ಸೊರಗಿತು. ಅನೇಕ ಕಡೆ ತಕಲಿ ತಿರುಗಿತು, ತಲೆ ಓಡಲಿಲ್ಲ. ಪೋಷಕರಿಗೆ ಬೇಕಾದದ್ದು ಗುಮಾಸ್ತಿಕೆಗೆ ದಾರಿಯಾಗುವ ಪುಸ್ತಕದ ಓದು. ಕಸುಬು ಬಡವರ ಮಕ್ಕಳಿಗೆ ಎಂಬ ಭಾವನೆ ಉಳಿಯಿತು.

ಈ ಅಪಾಯವನ್ನು ಅವರು ಬಲ್ಲವರಾಗಿದ್ದರು. ಎಲ್ಲ ದುಡಿಮೆಯೂ ಶಿಕ್ಷಣವಲ್ಲ ಎಂದು ತಮ್ಮ ಉಪನ್ಯಾಸಗಳಲ್ಲಿ ಮತ್ತೆ ಮತ್ತೆ ಎಚ್ಚರಿಸಿದರು. ಅವರ ಪ್ರಕಾರ ಕೆಲಸ ಶಿಕ್ಷಣವಾಗಲು ನಾಲ್ಕು ಹಂತ ಬೇಕು. ಏನು ಮಾಡಬೇಕೆಂದು ವಿದ್ಯಾರ್ಥಿ ಮೊದಲು ಸ್ಪಷ್ಟವಾಗಿ ಅರಿಯಬೇಕು, ಹೇಗೆಂದು ಯೋಜಿಸಬೇಕು, ಶ್ರದ್ಧೆಯಿಂದ ಮಾಡಬೇಕು, ಕೊನೆಗೆ ಫಲವನ್ನು ತಾನೇ ಒರೆಗೆ ಹಚ್ಚಿ ನೋಡಬೇಕು. ಶಿಕ್ಷಕರು ಹೇಳಿದರೆಂದು ಗಿಡಕ್ಕೆ ನೀರು ಹಾಕುವುದು ಕೂಲಿ. ಈ ಸಾಲು ಏಕೆ ಬಾಡಿತು, ಮುಂದಿನ ಬಾರಿ ಏನು ಬದಲಿಸಬೇಕು ಎಂದು ಬರೆದಿಟ್ಟು ಮತ್ತೆ ಬಿತ್ತುವುದು ವಿದ್ಯೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರನೇ ತರಗತಿಯಿಂದಲೇ ವೃತ್ತಿ ಕೌಶಲಗಳ ಪರಿಚಯವಾಗಬೇಕೆಂದು ಹೇಳಿದೆ. ಝಾಕಿರ್ ಹುಸೇನ್‌ರ ಎಚ್ಚರಿಕೆಯನ್ನು ನೆನೆಯಲು ಇದೇ ಸಕಾಲ. ನಮ್ಮ ಸಮುದಾಯದಲ್ಲಿ ಮೆಕ್ಯಾನಿಕ್, ಬಡಗಿ, ನೇಕಾರ, ತೋಟಗಾರರ ಮಕ್ಕಳು ಬಹಳಷ್ಟಿದ್ದಾರೆ. ಅವರ ಕೈಯಲ್ಲಿರುವ ಹುನರ್‌ಗೆ ಶಾಲೆಯಲ್ಲಿ ಗೌರವ ಸಿಗಬೇಕು. ಜೊತೆಗೆ ಕಸುಬಿನ ಹೆಸರಿನಲ್ಲಿ ಅವರ ಓದು ನಿಲ್ಲದಂತೆ ನೋಡಿಕೊಳ್ಳಬೇಕು. ಇವೆರಡೂ ಒಟ್ಟಿಗೇ ಆಗಬೇಕಾದ ಕೆಲಸ.

1969ರ ಮೇ 3ರಂದು ಅಧಿಕಾರದಲ್ಲಿರುವಾಗಲೇ ಡಾ. ಝಾಕಿರ್ ಹುಸೇನ್ ನಿಧನರಾದರು. ಅವರನ್ನು ದಫನ ಮಾಡಿದ್ದು ಜಾಮಿಯಾದ ಆವರಣದಲ್ಲಿ, ಮಕ್ಕಳು ಓದುವ ಜಾಗದ ಪಕ್ಕದಲ್ಲಿ. ಅಲ್ಲಾಹನು ಮರ್ಹೂಮರಿಗೆ ಜನ್ನತುಲ್ ಫಿರ್ದೌಸ್ ಕರುಣಿಸಲಿ, ಅವರು ತೋರಿದ ದಾರಿಯಲ್ಲಿ ನಡೆಯುವ ತೌಫೀಕ್ ನಮ್ಮ ಶಿಕ್ಷಕರಿಗೂ ವಿದ್ಯಾರ್ಥಿಗಳಿಗೂ ನೀಡಲಿ. ಆಮೀನ್.